ಪದ ಪರಿಚಯ: ಅಪರಾಧಶಾಸ್ತ್ರ

'ಅಪರಾಧಶಾಸ್ತ್ರ' ಎಂದೊಡನೆ ಬೆರಳಚ್ಚು, ರಕ್ತದ ಕಲೆ, ಶವಪರೀಕ್ಷೆಗಳು ಹಲವರ ಮನಸ್ಸಿಗೆ ಬರುತ್ತವೆ. ಅವು ವಿಧಿವಿಜ್ಞಾನಕ್ಕೆ ಸೇರಿದವು. ಕೃತ್ಯ ಎಸಗಿದವರು ಯಾರು ಎಂಬುದಕ್ಕೆ ಸಾಕ್ಷ್ಯ ಒದಗಿಸುವುದು ಅದರ ಕೆಲಸ. ಅಪರಾಧಶಾಸ್ತ್ರದ ಪ್ರಶ್ನೆಗಳೇ ಬೇರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಅವರ ಪ್ರಕಾರ ಕಾನೂನು ರೂಪುಗೊಳ್ಳುವ ಬಗೆ, ಜನ ಅದನ್ನು ಮುರಿಯುವ ಬಗೆ, ಮುರಿದವರಿಗೆ ಸಮಾಜ ಪ್ರತಿಕ್ರಿಯಿಸುವ ಬಗೆ, ಈ ಮೂರೂ ಅದರ ವ್ಯಾಪ್ತಿಯೊಳಗೆ ಬರುತ್ತವೆ.

ಈ ಶಾಸ್ತ್ರಕ್ಕೆ ತವರೆಂಬುದು ಒಂದೇ ಅಲ್ಲ. 1885ರಲ್ಲಿ ತನ್ನ ಗ್ರಂಥಕ್ಕೆ 'ಕ್ರಿಮಿನೊಲೋಜಿಯಾ' ಎಂದು ಹೆಸರಿಟ್ಟ ರಾಫೇಲೆ ಗರೋಫಲೋ ಇಟಲಿಯ ನ್ಯಾಯಶಾಸ್ತ್ರಜ್ಞ. ಅದಕ್ಕೂ ಮೊದಲು ಅಪರಾಧದ ಅಂಕಿಅಂಶಗಳಲ್ಲಿ ವರ್ಷದಿಂದ ವರ್ಷಕ್ಕೆ ಮರುಕಳಿಸುವ ಕ್ರಮವನ್ನು ಗುರುತಿಸಿದ ಬೆಲ್ಜಿಯಂನ ಕ್ವೆಟೆಲೆ ಮೂಲತಃ ಖಗೋಳಜ್ಞ. ತಲೆಬುರುಡೆಯ ಆಕಾರದಲ್ಲಿ ಅಪರಾಧಿಯ ಗುರುತು ಹುಡುಕಹೊರಟ ಲೊಂಬ್ರೋಸೊ ವೈದ್ಯ. ಆತನ ಸಿದ್ಧಾಂತ ಈಗ ಬಿದ್ದುಹೋಗಿದೆ.

ಸ್ನಾತಕೋತ್ತರ ಹಂತದಲ್ಲಿ ಅಪರಾಧದ ಜೊತೆಗೆ ಹಿಂಸೆಯೂ ಅಧ್ಯಯನದ ವಸ್ತುವಾದಾಗ ತೊಡಕು ಹೆಚ್ಚುತ್ತದೆ, ಏಕೆಂದರೆ ಇವೆರಡೂ ಒಂದೇ ಅಲ್ಲ. ತೆರಿಗೆ ವಂಚನೆ ಅಪರಾಧವೇ ಹೊರತು ಅದರಲ್ಲಿ ಹೊಡೆತವಿಲ್ಲ. ಇನ್ನೊಂದೆಡೆ, ಮನೆಯೊಳಗಿನ ಹೊಡೆತದ ಬಗ್ಗೆ ಅನೇಕ ದೇಶಗಳ ಕಾನೂನು ಬಹುಕಾಲ ಮೌನವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2002ರ ವರದಿ ಹಿಂಸೆಯನ್ನು ತನಗೆ ತಾನೇ ಮಾಡಿಕೊಳ್ಳುವುದು, ವ್ಯಕ್ತಿಗಳ ನಡುವಿನದು, ಸಾಮೂಹಿಕವಾದದ್ದು ಎಂದು ವಿಂಗಡಿಸಿತು. ಹಾಗಾಗಿ ಹಲವು ದೇಶಗಳಲ್ಲಿ ಅಪರಾಧವೇ ಅಲ್ಲದ ಆತ್ಮಹತ್ಯೆಯೂ ಅಲ್ಲಿ ಹಿಂಸೆಯ ಲೆಕ್ಕಕ್ಕೆ ಬಂತು. ನಾರ್ವೆಯ ಸಮಾಜಶಾಸ್ತ್ರಜ್ಞ ಯೋಹಾನ್ ಗಾಲ್ಟುಂಗ್ 1969ರಲ್ಲಿ ಇನ್ನೂ ಮುಂದೆ ಹೋಗಿ, ತಪ್ಪಿಸಬಹುದಾಗಿದ್ದ ಸಾವು ಸಮಾಜದ ರಚನೆಯಿಂದಲೇ ಸಂಭವಿಸಿದರೆ ಅದು 'ರಾಚನಿಕ ಹಿಂಸೆ' ಎಂದರು. ಈ ವಿಸ್ತಾರ ಕಣ್ಣು ತೆರೆಸುವಂಥದು ನಿಜ. ಆದರೆ ಎಲ್ಲ ಅನ್ಯಾಯವನ್ನೂ ಹಿಂಸೆಯೆಂದು ಕರೆದರೆ ಎಣಿಸಲು ಹೊರಟವರ ಕೈಯಲ್ಲಿ ಏನೂ ಉಳಿಯದು ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು.

ಎಣಿಕೆಯ ಪ್ರಶ್ನೆಯಲ್ಲೇ ಹಲವು ಜ್ಞಾನಶಿಸ್ತುಗಳ ಅಗತ್ಯ ಸ್ಪಷ್ಟವಾಗುತ್ತದೆ. ಪೊಲೀಸ್ ದಾಖಲೆ ಹೇಳುವುದು ದೂರಿನ ಕಥೆಯನ್ನು. ದೂರು ಕೊಡುವ ಧೈರ್ಯ ಹೆಚ್ಚಿದರೂ ಸಂಖ್ಯೆ ಏರುತ್ತದೆ. ಕೊಲೆಯನ್ನು ಮುಚ್ಚಿಡುವುದು ಕಷ್ಟವಾದ್ದರಿಂದ ಆ ಅಂಕಿಯನ್ನು ಹೆಚ್ಚು ನಂಬುವುದು ವಾಡಿಕೆ. ಆದರೆ ಅದೇ ಇರಿತಕ್ಕೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿ ಗಾಯಾಳು ಬದುಕಿದರೆ ದಾಖಲಾಗುವುದು ಕೊಲೆಯತ್ನ ಮಾತ್ರ. ಹಿಂಸೆ ಇಳಿಯದೆ, ವೈದ್ಯಕೀಯ ಸುಧಾರಿಸಿದ ಕಾರಣಕ್ಕೇ ಕೊಲೆಯ ಪ್ರಮಾಣ ಇಳಿಯಬಹುದು. ಇದನ್ನು ಕಾನೂನಿನ ಪುಸ್ತಕವೊಂದರಿಂದಲೇ ಊಹಿಸುವುದು ಕಷ್ಟ.

ವೇಲ್ಸ್‌ನ ಕಾರ್ಡಿಫ್‌ನಲ್ಲಿ ಮುಖ ಮತ್ತು ದವಡೆಯ ಶಸ್ತ್ರವೈದ್ಯ ಜೊನಾಥನ್ ಶೆಫರ್ಡ್, ಹಲ್ಲೆಗೊಳಗಾಗಿ ಆಸ್ಪತ್ರೆಗೆ ಬರುವವರಲ್ಲಿ ಬಹಳ ಮಂದಿಯ ಪ್ರಕರಣ ಪೊಲೀಸರನ್ನು ತಲುಪುವುದೇ ಇಲ್ಲವೆಂದು ಕಂಡುಕೊಂಡರು. ಆಮೇಲೆ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗ ಪ್ರತಿ ಗಾಯಾಳುವನ್ನು ಹಲ್ಲೆ ಎಲ್ಲಿ, ಯಾವಾಗ, ಯಾವ ಆಯುಧದಿಂದ ನಡೆಯಿತೆಂದು ಕೇಳಿ, ಹೆಸರು ಬಿಟ್ಟು ಉಳಿದ ಮಾಹಿತಿಯನ್ನು ಪೊಲೀಸರಿಗೂ ಸ್ಥಳೀಯ ಆಡಳಿತಕ್ಕೂ ಒದಗಿಸತೊಡಗಿತು.