ಮೊದಲು ವೈಸ್ ಕೂರಲಿ, ತೂತು ಆಮೇಲೆ

ಕೋಲಾರದ ಕಡೆ ಎಷ್ಟೋ ಮರಗೆಲಸದವರು ಈಗಲೂ ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದೇ ಕೀಸುಳಿ ಹೊಡೆಯುತ್ತಾರೆ. ಅವರ ಕೈಚಳಕದ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಉಳಿ ಜಾರಿದರೆ ಎದುರಿಗಿರುವುದು ಕಾಲೇ ಅಲ್ವಾ? ಅದಕ್ಕೇ ಯಾರಾದರೂ ಬಂದು, ಕೆಲಸದ ಬೆಂಚು ಆಯ್ತು, ಈಗ ವೈಸ್ ಹಾಕಿ ಗೂಟಕ್ಕೆ ತೂತು ಹೊಡೆಯಬೇಕು ಅಂದರೆ ಖುಷಿಯಾಗುತ್ತದೆ. ವೈಸ್ ಅಂದರೆ ಎರಡು ದವಡೆಗಳ ನಡುವೆ ಹಲಗೆಯನ್ನು ಬಿಗಿ ಹಿಡಿಯುವ ಸಾಧನ. ಗೂಟ ಅಂದರೆ ಮಲಗಿಸಿದ ಹಲಗೆಯನ್ನು ವೈಸಿಗೂ ಅದಕ್ಕೂ ನಡುವೆ ಒತ್ತಿ ಹಿಡಿಯಲು ಬೆಂಚಿನ ತೂತಿನಲ್ಲಿ ನಿಲ್ಲಿಸುವ ಕಡ್ಡಿ. ಎಲ್ಲರಿಗೂ ನಾನು ಹೇಳುವುದು ಒಂದೇ. ಮೊದಲು ಡ್ರಿಲ್ ಎತ್ತಬೇಡಿ. ವೈಸ್ ಕೂತ ಜಾಗ ನೋಡಿಕೊಂಡೇ ತೂತಿನ ಸಾಲು ಎಳೆಯಬೇಕು.

ಕಬ್ಬಿಣದ ಕೆಲಸದ ವೈಸ್ ಬೇಡ. ಅದರ ದವಡೆಯ ಹಲ್ಲು ಮರಕ್ಕೆ ಗಾಯ ಮಾಡುತ್ತದೆ, ಜೊತೆಗೆ ಅದು ಬೆಂಚಿನ ಮೇಲೆ ಎದ್ದು ನಿಂತು ಕೆಲಸಕ್ಕೆ ಅಡ್ಡ ಬರುತ್ತದೆ. ಬೆಂಚಿನ ಕೆಳಗೆ ಕೂರುವ ಕಾರ್ಪೆಂಟರ್ ವೈಸ್ ತಗೊಳ್ಳಿ. ದವಡೆ 7 ಇಂಚು ಅಗಲದ್ದು ಮನೆಯ ಮರಗೆಲಸಕ್ಕೆ ಸಾಕು, ಬಾಗಿಲು ಕಿಟಕಿ ಮಾಡುವವರು 9 ಇಂಚಿನದು ನೋಡಬಹುದು.

ಬಲಗೈಯವರಾದರೆ ಬೆಂಚಿನ ಮುಂಭಾಗದಲ್ಲಿ, ಎಡತುದಿಗೆ ಹಾಕಿ. ಹಲಗೆಯ ಅಂಚು ಕೀಸುವುದು, ಕಚ್ಚು ಕತ್ತರಿಸುವುದು, ಇಂಥ ಕೆಲಸಕ್ಕೆ ಇದೇ ಸರಿ. ಆದರೆ ನಿಮ್ಮ ಕೆಲಸದಲ್ಲಿ ಉದ್ದ ಹಲಗೆಯನ್ನು ಮಲಗಿಸಿ ಮೇಲ್ಮೈ ಕೀಸುವುದೇ ಜಾಸ್ತಿ ಅಂದರೆ ವೈಸನ್ನು ಬಲಗಡೆಯ ಕೊನೆಗೆ ಹಾಕಬೇಕು, ಆಗ ತೂತಿನ ಸಾಲು ಬೆಂಚಿನ ಉದ್ದಕ್ಕೂ ಹೋಗುತ್ತದೆ, ಬಲದಿಂದ ಎಡಕ್ಕೆ ಕೀಸುಳಿ ತಳ್ಳಿದಾಗ ಅದರ ಜೋರೆಲ್ಲ ಬೆಂಚಿನಲ್ಲೇ ನಾಟಿದ ಎಡಗಡೆ ಗೂಟದ ಮೇಲೆ ಬೀಳುತ್ತದೆ, ವೈಸಿನ ಮೇಲಲ್ಲ.

ಇನ್ನು ಕೂರಿಸುವ ವಿಷಯ. ಇಲ್ಲಿ ಆತುರ ಮಾಡಲೇಬೇಡಿ. ವೈಸಿಗೆ ಎರಡು ದವಡೆ, ಒಳಗಿನದು ಕದಲುವುದಿಲ್ಲ. ಮರದ ಹೊದಿಕೆ ಹಾಕಿದ ಮೇಲೆ ಈ ಒಳದವಡೆಯ ಮುಖ ಬೆಂಚಿನ ಅಂಚಿಗೆ ಸಮನಾಗಿ ಬರಬೇಕು. ಕಬ್ಬಿಣದ ದವಡೆ ಕೂರುವಷ್ಟು ಅಂಚನ್ನು ಉಳಿಯಿಂದ ಕೆತ್ತಿ ಒಳಗೆ ಸೇರಿಸಿ. ಬಹಳ ಜನ ಈ ಕೆತ್ತನೆ ಬಿಟ್ಟು ಸುಮ್ನೆ ಬೋಲ್ಟ್ ಹಾಕಿಬಿಡುತ್ತಾರೆ. ಆಗ ದವಡೆ ಒಂದು ಇಂಚು ಆಚೆ ಚಾಚಿಕೊಳ್ಳುತ್ತದೆ, 5 ಅಡಿ ಹಲಗೆ ಕಚ್ಚಿಸಿದರೆ ಅದರ ಇನ್ನೊಂದು ತುದಿಗೆ ಒರಗಲು ಬೆಂಚೇ ಸಿಗದೆ ಗಾಳಿಯಲ್ಲಿ ನಿಲ್ಲುತ್ತದೆ, ಕೀಸುಳಿ ತಾಗಿದ ಕೂಡಲೇ ಅದುರುತ್ತದೆ. ಸಮನಾಗಿದ್ದರೆ ಇಡೀ ಅಂಚೇ ಹಲಗೆಗೆ ಆಸರೆ. ವೈಸಿಗೆ ನೀವು ಕೊಟ್ಟ ದುಡ್ಡಿಗಿಂತ ಈ ಕೆತ್ತನೆಗೆ ಬೆಲೆ ಜಾಸ್ತಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಕಬ್ಬಿಣದ ದವಡೆಯ ಮೇಲ್ತುದಿ ಬೆಂಚಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗಿರಲಿ, ಮರದ ಹೊದಿಕೆ ಮಾತ್ರ ಮಟ್ಟದವರೆಗೆ ಬರಲಿ. ಅಲಗು ತಪ್ಪಿ ತಾಗಿದರೂ ಮರಕ್ಕೇ ತಾಗಬೇಕು. ಅಷ್ಟು ಕೆಳಗೆ ಇಳಿಸಲು ಬೆಂಚಿಗೂ ವೈಸಿಗೂ ನಡುವೆ ಗಟ್ಟಿ ಮರದ ಪ್ಯಾಕಿಂಗ್ ಕೊಡಿ. ಬೆಂಚನ್ನು ತಲೆಕೆಳಗು ಮಾಡಿಕೊಂಡರೆ ಕೆಲಸ ಸಲೀಸು. ಸ್ಕ್ರೂ ನಂಬಬೇಡಿ, ಆರಪಾರ ಬೋಲ್ಟ್ ಹಾಕಿ, ಅದರ ತಲೆಯನ್ನು ಬೆಂಚಿನೊಳಗೆ ಚೆನ್ನಾಗಿ ಹುದುಗಿಸಿ.

ಬಿಗಿ ಮಾಡಿದಾಗ ಹೊರದವಡೆ ಮೇಲ್ಗಡೆ ಸ್ವಲ್ಪ ಬಾಯಿ ಬಿಡುತ್ತದೆ, ಯಾಕೆಂದರೆ ತಿರುಪು ಇರುವುದು ಕೆಳಗೆ. ಅದಕ್ಕೆ ಹೊರಹೊದಿಕೆಯನ್ನು ಮೇಲೆ ಕೂದಲೆಳೆಯಷ್ಟು ದಪ್ಪ ಬಿಡಿ. ಸಣ್ಣ ತುಂಡನ್ನು ಒಂದೇ ಪಕ್ಕದಲ್ಲಿ ಕಚ್ಚಿಸುವಾಗ ಇನ್ನೊಂದು ಪಕ್ಕಕ್ಕೆ ಅಷ್ಟೇ ದಪ್ಪದ ಮರ ಇಡಿ, ಇಲ್ಲದಿದ್ದರೆ ದವಡೆ ಓರೆಯಾಗುತ್ತದೆ.

ಈಗ ತೂತು. ವೈಸಿನಲ್ಲೇ ಮೇಲೆದ್ದು ನಿಲ್ಲುವ ಗೂಟ ಇಲ್ಲದಿದ್ದರೆ ಹೊರಹೊದಿಕೆಯನ್ನು ಒಂದೂವರೆ ಇಂಚು ದಪ್ಪ ಮಾಡಿ ಅದರಲ್ಲೇ ಒಂದು ತೂತು ಹೊಡೆಯಿರಿ. ಬೆಂಚಿನ ಸಾಲು ಆ ಗೂಟದಿಂದ ಮೂಲೆಮಟ್ಟ ಇಟ್ಟು ನೇರವಾಗಿ ಶುರುವಾಗಬೇಕು. 19 ಎಂಎಂ ತೂತು, 4 ಇಂಚಿಗೊಂದು. ತೂತಿನ ನಡುವಿನ ಅಂತರ ವೈಸ್ ತೆರೆಯುವ ಅಳತೆಗಿಂತ ಕಡಿಮೆ ಇದ್ದರಾಯಿತು, ಬೆಂಚಿನ ತುಂಬ ಸಾಲು ಬೇಡ. ಕೆಳಗೆ ಕಾಲು, ಅಡ್ಡಪಟ್ಟಿ, ವೈಸಿನ ತಿರುಪು ಎಲ್ಲೆಲ್ಲಿ ಬರುತ್ತವೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಡ್ರಿಲ್ಲಿನ ಬಿಟ್ ಮತ್ತು ಗೂಟ ಒಂದೇ ಅಳತೆಯವೇ ಅಂತ ಬೇರೆ ತುಂಡಿನಲ್ಲಿ ನೋಡಿಕೊಳ್ಳಿ. 20 ಎಂಎಂ ಗೂಟ 19 ಎಂಎಂ ತೂತಿಗೆ ಇಳಿಯುವುದಿಲ್ಲ.

18 ಎಂಎಂ ಪ್ಲೈವುಡ್ ಹಾಳೆ ಎರಡು ಅಂಟಿಸಿದ ಬೆಂಚು ಒಂದೂವರೆ ಇಂಚು ದಪ್ಪ ಕೂಡ ಬರುವುದಿಲ್ಲ, ಗೂಟ ಅಲ್ಲಾಡುತ್ತದೆ. ಸಾಲಿನ ಕೆಳಗೆ 2 ಇಂಚು ದಪ್ಪದ ಪಟ್ಟಿ ಅಂಟಿಸಿ, ಆಮೇಲೆ ಹೊಡೆಯಿರಿ. ಹಳೇ ಮನೆ ಕೆಡವಿದ ಕಡೆ ಸಿಗುವ ತೇಗ, ಮತ್ತಿ, ಹೊನ್ನೆ ತೊಲೆಯಾದರೆ ಅದೃಷ್ಟ, ವರ್ಷಗಟ್ಟಲೆ ಒಣಗಿರುತ್ತದೆ. ಮೊಳೆ ಉಳಿದಿದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿ. ನೀಲಗಿರಿ ಅಗ್ಗ ನಿಜ, ಆದರೆ ತಿರುಚಿಕೊಂಡು ಸೀಳುತ್ತದೆ, ಬೆಂಚಿನ ಮೇಲ್ಹಲಗೆಗೆ ನಾನು ಹಾಕುವುದಿಲ್ಲ.

ಕೈಡ್ರಿಲ್ ಓರೆಯಾಗದಂತೆ, ಡ್ರಿಲ್ ಪ್ರೆಸ್ (ನೇರವಾಗಿ ಕೆಳಗಿಳಿಯುವ ನಿಲುವು ಡ್ರಿಲ್) ಇರುವ ಕಡೆ ದಪ್ಪ ಮರದಲ್ಲಿ ಒಂದು ನೇರ ತೂತು ಮಾಡಿಸಿಕೊಂಡು ಅದನ್ನೇ ದಾರಿಯಾಗಿ ಇಟ್ಟುಕೊಳ್ಳಿ. ಬಿಟ್ಟಿನ ಮೊನೆ ಕೆಳಗೆ ಕಂಡ ಕೂಡಲೇ ನಿಲ್ಲಿಸಿ ಕೆಳಗಿನಿಂದ ಮುಗಿಸಿ, ಚಕ್ಕೆ ಏಳುವುದಿಲ್ಲ. ತೂತಿನ ಬಾಯಿಯ ಅಂಚನ್ನು ಸ್ವಲ್ಪ ಸವರಿ.

ಗೂಟ ಮರದ್ದೇ ಇರಲಿ, ಉಕ್ಕು ಬೇಡ, ಕೀಸುಳಿಯ ಅಲಗು ತಾಗಿದರೆ ಮುರಿಯುತ್ತದೆ. ಯಾವಾಗಲೂ ಹಲಗೆಗಿಂತ ಕೆಳಮಟ್ಟದಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡರೆ ಕೆಳಗಿನಿಂದ ಕೊಡತಿಯಲ್ಲಿ ತಟ್ಟಿ ತೆಗೆದು, ಮೇಣದ ಬತ್ತಿ ಉಜ್ಜಿ.

ಬಾಗಿಲ ಕೆಲಸದವರಿಗೆ ಇನ್ನೊಂದು. ಬೆಂಚಿನ ಬಲಗಾಲಿನ ಮುಖಕ್ಕೂ ಮೇಲಿಂದ ಕೆಳಗೆ ನಾಲ್ಕೈದು ತೂತು ಹೊಡೆಯಿರಿ. ಬಾಗಿಲಿನ ಒಂದು ತುದಿಯನ್ನು ವೈಸ್ ಹಿಡಿದರೆ ಇನ್ನೊಂದು ತುದಿ ಆ ಕಾಲಿನ ಗೂಟದ ಮೇಲೆ ಕೂರುತ್ತದೆ. ಇದಕ್ಕೆ ಕಾಲಿನ ಮುಖ ಕೂಡ ಬೆಂಚಿನ ಅಂಚಿಗೆ ಸಮನಾಗಿರಬೇಕು. ಒಳಗೆ ಸರಿದಿದ್ದರೆ ಅಷ್ಟು ದಪ್ಪದ ಪಟ್ಟಿ ಅಂಟಿಸಿ ಮುಂದಕ್ಕೆ ತನ್ನಿ, ತೂತು ಆ ಪಟ್ಟಿಯ ಮೇಲೇ ಬರಲಿ.