ಕೊಟ್ಟಿಗೆ ಪಕ್ಕ ಹಾದುಹೋದದ್ದು ಚಿರತೆ ಮರಿಯೋ, ಪುನುಗು ಬೆಕ್ಕೋ?

ಪ್ರಶ್ನೆ: ರಾತ್ರಿ ಟಾರ್ಚ್ ಬಿಟ್ಟಾಗ ಕೊಟ್ಟಿಗೆ ಪಕ್ಕದಲ್ಲಿ ಒಂದು ಪ್ರಾಣಿ ಹಾದುಹೋಯಿತು. ಬೆಕ್ಕಿಗಿಂತ ದೊಡ್ಡದು, ನಾಯಿಗಿಂತ ಚಿಕ್ಕದು. ಮೈಮೇಲೆ ಚುಕ್ಕೆ ಇದ್ದಂತಿತ್ತು, ಬಾಲ ಉದ್ದ, ಕಣ್ಣು ಕೆಂಡದ ಹಾಗೆ ಹೊಳೆಯಿತು. ಮನೆಯವರೆಲ್ಲ ಚಿರತೆ ಮರಿ ಅಂತಿದ್ದಾರೆ. ಏನಿರಬಹುದು? ಮಕ್ಕಳಿರುವ ಮನೆ, ಹೆದರಬೇಕೆ?

ಉತ್ತರ: ನಿಮ್ಮ ವರ್ಣನೆಗೆ ಎಲ್ಲಕ್ಕಿಂತ ಹತ್ತಿರ ಬರುವುದು ಪುನುಗು ಬೆಕ್ಕು. ಚಿರತೆ ಮರಿ ಅನ್ನುವುದಕ್ಕೆ ಮೊದಲ ತೊಡಕು ಅದರ ವಯಸ್ಸು. ಚಿರತೆ ಮರಿಗಳು ಸುಮಾರು ಒಂದೂವರೆ ವರ್ಷವಾದರೂ ತಾಯಿಯ ಜೊತೆಗಿರುತ್ತವೆ. ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ ಮರಿ ಒಂಟಿಯಾಗಿ ರಾತ್ರಿ ಹೊತ್ತು ಅಂಗಳ ಸುತ್ತಿಕೊಂಡು ಹೋಗುವುದು ಅಪರೂಪ.

ಹಾಗಂತ ಇಷ್ಟಕ್ಕೇ ತೀರ್ಮಾನಿಸಬೇಡಿ. ನೀವು ನೆನಪಿಟ್ಟುಕೊಂಡ ನಾಲ್ಕು ಗುರುತುಗಳಲ್ಲಿ ಎರಡು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಕಣ್ಣಿನ ಹೊಳಪನ್ನೇ ತೆಗೆದುಕೊಳ್ಳಿ. ರಾತ್ರಿ ಓಡಾಡುವ ಬಹಳಷ್ಟು ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರ ಇರುತ್ತದೆ. ದನಕ್ಕೂ ಇದೆ, ನಾಯಿಗೂ ಇದೆ. ಟಾರ್ಚ್ ಹಿಡಿದ ಕೋನ ಬದಲಾದರೆ ಅದೇ ಕಣ್ಣು ಹಸಿರಾಗಿಯೂ ಹಳದಿಯಾಗಿಯೂ ಕಾಣಬಹುದು. ಇನ್ನೊಂದು ಗಾತ್ರ. ಕತ್ತಲಲ್ಲಿ, ಅದೂ ಎದೆ ಹೊಡೆದುಕೊಳ್ಳುವಾಗ, ಕಂಡ ಪ್ರಾಣಿ ದೊಡ್ಡದಾಗುತ್ತಲೇ ಹೋಗುತ್ತದೆ. ಬೇಲಿಯಾಚೆ ಕೂತಿದ್ದ ಚಿರತೆಯೊಂದನ್ನು ನಾನೂ ಅರ್ಧ ಗಂಟೆ ಉಸಿರು ಬಿಗಿಹಿಡಿದು ನೋಡಿದ್ದೇನೆ. ಕೊನೆಗೆ ಅದು ಎದ್ದು ಬಾಲ ಆಡಿಸಿತು, ಪಕ್ಕದ ಮನೆ ನಾಯಿ.

ಗಾತ್ರ ತಿಳಿಯಲು ಒಂದು ಸುಲಭ ದಾರಿಯಿದೆ. ಪ್ರಾಣಿ ಯಾವುದರ ಪಕ್ಕ ಹಾದುಹೋಯಿತು ಎಂದು ನೆನಪು ಮಾಡಿಕೊಳ್ಳಿ. ಕಲ್ಲುಕಂಬವೋ, ಬಕೆಟ್ಟೋ, ಕೊಟ್ಟಿಗೆಯ ಕಟ್ಟೆಯೋ. ಬೆಳಿಗ್ಗೆ ಅಲ್ಲಿಗೇ ಹೋಗಿ, ಅದರ ಬೆನ್ನು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಟೇಪು ಹಿಡಿಯಿರಿ. ಬೆಳೆದ ಚಿರತೆಯ ಭುಜ 60 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ಪುನುಗು ಬೆಕ್ಕು ಅದರ ಅರ್ಧಕ್ಕೂ ಬರುವುದಿಲ್ಲ. ತೂಕ ಎರಡರಿಂದ ನಾಲ್ಕು ಕಿಲೋ, ಅಷ್ಟೆ.

ಇನ್ನು ಬಾಲ. ನನ್ನ ಮಟ್ಟಿಗೆ ಮೈಬಣ್ಣ ಹೇಳದ್ದನ್ನು ಬಾಲ ಹೇಳುತ್ತದೆ. ಬಾಲದ ಉದ್ದಕ್ಕೂ ಕಪ್ಪು ಬಳೆ ತೊಡಿಸಿದಂತಿದ್ದು, ಬೆನ್ನ ಮೇಲೆ ಉದ್ದುದ್ದ ಗೆರೆ, ಪಕ್ಕೆಯಲ್ಲಿ ಸಾಲು ಹಿಡಿದ ಚುಕ್ಕೆ, ಚೂಪು ಮೂತಿ ಇದ್ದರೆ ಅದು ಪುನುಗೇ. ಹೆಸರಲ್ಲಿ ಬೆಕ್ಕು ಇದ್ದರೂ ಇದು ಬೆಕ್ಕಿನ ಕುಟುಂಬದ್ದಲ್ಲ. ನೆಲದ ಮೇಲೆ ತಲೆ ತಗ್ಗಿಸಿ ಮೂಸುತ್ತಾ ಹೋಗುವ ನಡಿಗೆಯಲ್ಲೇ ಅದು ಗೊತ್ತಾಗುತ್ತದೆ. ಬಾಲದಲ್ಲಿ ಬಳೆ ಇಲ್ಲದೆ ಇಡೀ ಬಾಲ ಕಪ್ಪಗೆ, ಹೆಚ್ಚುಕಡಿಮೆ ಮೈಯಷ್ಟೇ ಉದ್ದ ಇದ್ದು, ಮುಖಕ್ಕೆ ಮಸಿ ಬಳಿದಂತಿದ್ದರೆ ಅದು ಪುನುಗಿನ ನೆಂಟ ಮರಬೆಕ್ಕು. ಹೆಂಚಿನ ಮಾಡು, ಅಟ್ಟ ಇದರ ಹಗಲಿನ ಮಲಗುವ ಜಾಗ. ಕೆಲವರು ಇವೆರಡನ್ನೂ ಪುನುಗು ಅಂತಲೇ ಕರೆಯುತ್ತಾರೆ, ಇನ್ನು ಕೆಲವರು ಎಲ್ಲವನ್ನೂ ಸೇರಿಸಿ ಕಾಡುಬೆಕ್ಕು ಅಂದುಬಿಡುತ್ತಾರೆ. ಹಾಗಾಗಿ ಯಾರಾದರೂ ಹೆಸರು ಹೇಳಿದರೆ ಬಾಲ ಹೇಗಿತ್ತು ಎಂದು ಒಮ್ಮೆ ಕೇಳಿ.

ನಿಜವಾದ ಕಾಡುಬೆಕ್ಕು ಬೇರೆಯೇ. ಕಾಲು ಉದ್ದ, ಬಾಲ ಗಿಡ್ಡ, ತುದಿಯ ಕಡೆ ಮಾತ್ರ ಕಪ್ಪು ಬಳೆ. ಮಣ್ಣುಬಣ್ಣದ ಮೈಯಲ್ಲಿ ಚುಕ್ಕೆ ಇಲ್ಲ. ನೀವು ಚುಕ್ಕೆ ನೋಡಿದ್ದು ಖಚಿತವಾದರೆ ಇದನ್ನು ಬಿಟ್ಟುಬಿಡಿ. ಚುಕ್ಕೆಯೂ ಇದ್ದು ಮುಖ ಅಪ್ಪಟ ಬೆಕ್ಕಿನದೇ ಆಗಿದ್ದರೆ ಚಿರತೆಬೆಕ್ಕು ಇರಬಹುದು. ಮನೆಬೆಕ್ಕಿನಷ್ಟೇ ಗಾತ್ರ, ಕಣ್ಣಿನ ಒಳಮೂಲೆಯಿಂದ ಹಣೆಗೆ ಏರುವ ಎರಡು ಬಿಳಿ ಗೆರೆ ಅದರ ಗುರುತು. ಮುಂಗುಸಿಯನ್ನು ಇಲ್ಲಿ ಸೇರಿಸುತ್ತಿಲ್ಲ, ಅದರ ಓಡಾಟ ಹಗಲಿನದು.

ಪ್ರಾಣಿ ಕಣ್ಮರೆಯಾದರೂ ನೆಲದಲ್ಲಿ ಸಾಕ್ಷಿ ಉಳಿದಿರುತ್ತದೆ. ಬೆಳಿಗ್ಗೆ ಕಸ ಗುಡಿಸುವ ಮೊದಲು ಹೋಗಿ ನೋಡಿ. ಹಸಿ ಮಣ್ಣಿನಲ್ಲಿ ನಾಲ್ಕು ಬೆರಳು, ಮುಂದೆ ಉಗುರಿನ ಚುಚ್ಚು, ಅಗಲಕ್ಕಿಂತ ಉದ್ದ ಹೆಚ್ಚು ಎಂದರೆ ನಾಯಿ ಅಥವಾ ನರಿ. ನಾಲ್ಕು ಬೆರಳಿದ್ದು ಉಗುರಿನ ಗುರುತಿಲ್ಲದೆ ದುಂಡಗಿದ್ದರೆ ಬೆಕ್ಕಿನ ಜಾತಿ, ಏಕೆಂದರೆ ನಡೆಯುವಾಗ ಅವು ಉಗುರನ್ನು ಒಳಗೆಳೆದುಕೊಂಡಿರುತ್ತವೆ. ಐದು ಬೆರಳು ಬಿದ್ದಿದ್ದರೆ ಮರಬೆಕ್ಕು ಇರಬಹುದು. ಪುನುಗಿನ ಐದನೇ ಬೆರಳು ಕೆಲವೊಮ್ಮೆ ಮಣ್ಣಿಗೆ ತಾಗುವುದೇ ಇಲ್ಲ, ಅದೊಂದು ಮೋಸದ ಜಾಗ. ಹೆಜ್ಜೆಯ ಪಕ್ಕ ಅಳತೆಪಟ್ಟಿ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ದುಂಡನೆಯ, ಉಗುರಿಲ್ಲದ ಹೆಜ್ಜೆ ಏಳು ಸೆಂಟಿಮೀಟರ್ ದಾಟಿದರೆ ಮಾತು ಬೇರೆ, ಆಗ ಚಿರತೆಯೆಂದೇ ತಿಳಿದು ಅರಣ್ಯ ಇಲಾಖೆಗೆ ಅದೇ ಫೋಟೋ ತೋರಿಸಿ. ಕೆಸರಿನಲ್ಲಿ ಮಾತ್ರ ಅಳತೆ ನಂಬಬೇಡಿ. ಅಲ್ಲಿ ಹೆಜ್ಜೆ ಹರಡಿಕೊಳ್ಳುತ್ತದೆ, ನಾಯಿಯ ಹೆಜ್ಜೆಯ ಉಗುರಿನ ಗುರುತೂ ಮುಚ್ಚಿಹೋಗಬಹುದು.

ಹಿಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು. ಬಂಡೆಯ ಮೇಲೋ, ಬಿದ್ದ ಮರದ ದಿಮ್ಮಿಯ ಮೇಲೋ ಎದ್ದು ಕಾಣುವಂತೆ ಹಾಕಿದ್ದು, ಅದರಲ್ಲಿ ಹಣ್ಣಿನ ಬೀಜಗಳು ತೊಳೆದಿಟ್ಟಂತೆ ಇಡಿಯಾಗಿ ಉಳಿದಿದ್ದರೆ ಮರಬೆಕ್ಕಿನದೆಂದು ಧೈರ್ಯವಾಗಿ ಹೇಳಬಹುದು. ಅದು ಹಣ್ಣಿನ ತಿರುಳನ್ನಷ್ಟೇ ಅರಗಿಸಿಕೊಳ್ಳುತ್ತದೆ. ಕೂದಲು, ಮೂಳೆಚೂರು ತುಂಬಿದ್ದರೆ ಮಾಂಸ ತಿಂದ ಪ್ರಾಣಿಯದು. ಕೈಯಲ್ಲಿ ಮುಟ್ಟಬೇಡಿ, ಕಡ್ಡಿಯಿಂದ ಬಿಡಿಸಿ ನೋಡಿದರೆ ಸಾಕು.

ಹೆದರಬೇಕೆ ಎಂದು ಕೇಳಿದ್ದೀರಿ. ಪುನುಗು, ಮರಬೆಕ್ಕು ಎರಡೂ ಮನುಷ್ಯನನ್ನು ಕಂಡರೆ ಜಾಗ ಖಾಲಿ ಮಾಡುವವು. ಕೋಳಿಗೂಡಿನ ಬಾಗಿಲು ಮಾತ್ರ ಭದ್ರವಾಗಿರಲಿ. ಮೂಲೆಗೆ ಸಿಕ್ಕಿಸಿ ಹಿಡಿಯಲು ಹೋದರೆ ಯಾವುದೂ ಕಚ್ಚದೆ ಬಿಡುವುದಿಲ್ಲ. ಹಿಡಿಯುವುದು, ಬೋನಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಕೂಡ. ಕಚ್ಚಿದರೆ, ಗೀರಿದರೂ ಸರಿ, ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ, ರೇಬಿಸ್ ಲಸಿಕೆಯ ವಿಷಯ ಕೇಳಿ.

ಒಂದು ವೇಳೆ ಪೊದೆಯಲ್ಲೋ ಕಬ್ಬಿನ ಗದ್ದೆಯಲ್ಲೋ ಚುಕ್ಕೆಯ ಮರಿಗಳೇ ಸಿಕ್ಕರೆ ಅವನ್ನು ಮನೆಗೆ ತರಬೇಡಿ. ತಾಯಿ ಬಿಟ್ಟುಹೋಗಿದೆ ಎಂದುಕೊಳ್ಳುವುದು ಬಹುಪಾಲು ತಪ್ಪು. ಅದು ಬೇಟೆಗೆ ಹೋಗಿರುತ್ತದೆ, ಕತ್ತಲಾದ ಮೇಲೆ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆಗೆ ಸಾಗಿಸುತ್ತದೆ. ಚಿರತೆಯದೋ ಚಿರತೆಬೆಕ್ಕಿನದೋ ಎಂಬ ಅನುಮಾನವನ್ನು ಅರಣ್ಯ ಇಲಾಖೆಯವರಿಗೆ ಬಿಟ್ಟು, ನೀವು ಅಲ್ಲಿಂದ ಬೇಗ ಹೊರಡಿ. ಅದು ಚಿರತೆಯದೇ ಆಗಿದ್ದರೆ ತಾಯಿ ಹತ್ತಿರದಲ್ಲೇ ಇರಬಹುದು.