144 ಹರ್ಟ್ಜ್ ಚೀಟಿಯ ಹಿಂದೆ: ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪಿನ ಪರದೆ ಮತ್ತು ವೇಗವನ್ನು ಅಳೆಯುವ ಬಗೆ

ಕಳೆದ ವರ್ಷ ನಾನು ಮತ್ತು ನನ್ನ ಕೊಠಡಿಯ ಗೆಳೆಯ ದಾವಣಗೆರೆಯಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಬೇರೆ ಬೇರೆ ಕಂಪನಿಯ ಗೇಮಿಂಗ್ ಲ್ಯಾಪ್‌ಟಾಪುಗಳನ್ನು ಕೊಂಡೆವು. ಎರಡರ ಮೇಲೂ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಒಂದೇ ವಿವರ: 144 ಹರ್ಟ್ಜ್ ಪರದೆ, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್. ಹಾಸ್ಟೆಲಿಗೆ ತಂದು ಪಕ್ಕಪಕ್ಕದಲ್ಲಿಟ್ಟು ಒಂದೇ ಚಿತ್ರವನ್ನು ತೆರೆದಾಗ, ದುಗ್ಗಮ್ಮನ ಜಾತ್ರೆಯಲ್ಲಿ ತೆಗೆದ ಕುಂಕುಮದ ರಾಶಿ ಅವನ ಪರದೆಯಲ್ಲಿ ಕುಂಕುಮದಂತೆಯೇ ಇತ್ತು, ನನ್ನದರಲ್ಲಿ ಇಟ್ಟಿಗೆಪುಡಿಯಂತೆ ಕಾಣುತ್ತಿತ್ತು. ಅದೇ ಸಂಜೆ ಆಟವೊಂದನ್ನು ಹಾಕಿದಾಗ ಪಾತ್ರ ಅದಲುಬದಲಾಯಿತು. ನನ್ನದು ಸರಾಗವಾಗಿ ಓಡಿತು, ಅವನದು ತಿರುವು ತಿರುವಿಗೂ ತಡವರಿಸಿತು. ಚೀಟಿ ಒಂದೇ ಆಗಿದ್ದರೂ ಯಂತ್ರಗಳು ಒಂದೇ ಆಗಿರಲಿಲ್ಲ. ಹೀಗೇಕಾಯಿತು ಎಂದು ಓದಿ, ಅಳೆದು ಕಂಡುಕೊಂಡದ್ದನ್ನು ಈಗ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿರುವ ಸಹಪಾಠಿಗಳಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಹರ್ಟ್ಜ್ ಎಂಬ ಸಂಖ್ಯೆಯನ್ನು ಮಿಲಿಸೆಕೆಂಡಿಗೆ ಇಳಿಸಿಕೊಳ್ಳಬೇಕು, ಏಕೆಂದರೆ ಪರದೆಯ ವೇಗವನ್ನೂ ಗ್ರಾಫಿಕ್ಸ್ ಕಾರ್ಡಿನ ವೇಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವ ಅಳತೆ ಅದೊಂದೇ. 60 ಹರ್ಟ್ಜ್ ಪರದೆ 16.67 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರವನ್ನು ತೋರಿಸುತ್ತದೆ. 144 ಹರ್ಟ್ಜ್ ಪರದೆಗೆ ಆ ಅವಧಿ 6.94 ಮಿಲಿಸೆಕೆಂಡು. ಆದರೆ ಹೊಸ ಚಿತ್ರಕ್ಕೆ ಆಜ್ಞೆ ಬಂದ ಕೂಡಲೇ ಪಿಕ್ಸೆಲ್ ಬಣ್ಣ ಬದಲಿಸಿಬಿಡುವುದಿಲ್ಲ. ಅದರೊಳಗಿನ ದ್ರವಸ್ಫಟಿಕ ಹೊರಳಿಕೊಳ್ಳಲು ಸಮಯ ಹಿಡಿಯುತ್ತದೆ, ಅದಕ್ಕೆ ರೆಸ್ಪಾನ್ಸ್ ಟೈಮ್ ಎನ್ನುತ್ತಾರೆ. ಕಡಿಮೆ ಬೆಲೆಯ ಐಪಿಎಸ್ ಎಂಬ ಬಗೆಯ ಪ್ಯಾನೆಲುಗಳಲ್ಲಿ (ಪರದೆಯ ಫಲಕಗಳಲ್ಲಿ) ಒಂದು ಬೂದುಬಣ್ಣದಿಂದ ಇನ್ನೊಂದಕ್ಕೆ ಹೋಗಲು 25 ಮಿಲಿಸೆಕೆಂಡು ಹಿಡಿಯುವುದು ಅಪರೂಪವೇನಲ್ಲ. ಒಂದು ಪಿಕ್ಸೆಲ್ ಮೊದಲನೆಯ ಬಣ್ಣಕ್ಕೆ ಪೂರ್ತಿ ತಲುಪುವ ಮೊದಲೇ ಮೂರು ಹೊಸ ಚಿತ್ರಗಳ ಆಜ್ಞೆ ಬಂದು ಹೋಗಿರುತ್ತದೆ. ಓಡುವ ಪಾತ್ರದ ಹಿಂದೆ ಮಸುಕಾದ ಬಾಲ ಕಾಣಿಸುವುದು ಇದರಿಂದಲೇ. 144 ಎಂಬ ಸಂಖ್ಯೆ ಸುಳ್ಳಲ್ಲ, ಆದರೆ ಅಂಥ ಪರದೆಯಲ್ಲಿ ಅದರ ಬಹುಪಾಲು ವ್ಯರ್ಥ.

ಇದನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಟೆಸ್ಟ್ ಯುಎಫ್‌ಒ ಎಂಬ ಜಾಲತಾಣದಲ್ಲಿ ಹಾರುತಟ್ಟೆಯೊಂದು ಪರದೆಯ ಉದ್ದಕ್ಕೂ ಸಾಗುತ್ತದೆ. ಅದನ್ನು ಕಣ್ಣಿನಿಂದ ಹಿಂಬಾಲಿಸಿದರೆ ಬಾಲ ಎಷ್ಟು ಉದ್ದವಿದೆಯೆಂದು ತಿಳಿಯುತ್ತದೆ. ಅಂಗಡಿಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ ಕಡುಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರಗಳಿರುವ ಕಡತವನ್ನು ತೆರೆದು ವೇಗವಾಗಿ ಮೇಲೆ ಕೆಳಗೆ ಸರಿಸಿ ನೋಡಿ. ಅದಕ್ಕೂ ಮೊದಲು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ನಿಜವಾಗಿ 144ಕ್ಕೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೂರು ವಾರ 60ರಲ್ಲೇ ಆಡಿ ವ್ಯತ್ಯಾಸವೇನೂ ಇಲ್ಲವೆಂದು ಗೊಣಗಿದವರನ್ನು ಬಲ್ಲೆ; ಅವರಲ್ಲಿ ನಾನೂ ಒಬ್ಬ.

ಬಣ್ಣದ ವಿಚಾರಕ್ಕೆ ಬಂದರೆ, ವಿವರಪಟ್ಟಿಯಲ್ಲಿ ಹುಡುಕಬೇಕಾದ ಸಾಲು "45% ಎನ್‌ಟಿಎಸ್‌ಸಿ" ಅಥವಾ "100% ಎಸ್‌ಆರ್‌ಜಿಬಿ" ಎಂಬುದು. ಎನ್‌ಟಿಎಸ್‌ಸಿ ಎಂಬುದು 1953ರ ಅಮೆರಿಕದ ಬಣ್ಣದ ಟಿವಿಯ ಮಾನದಂಡ. ಎಸ್‌ಆರ್‌ಜಿಬಿ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು. ಇಂದಿನ ಜಾಲತಾಣಗಳ ಚಿತ್ರಗಳೂ ಬಹುಪಾಲು ಆಟಗಳೂ ಎರಡನೆಯದನ್ನು ಆಧಾರವಾಗಿಟ್ಟುಕೊಂಡೇ ತಯಾರಾಗುತ್ತವೆ. ಎಸ್‌ಆರ್‌ಜಿಬಿಯ ವಿಸ್ತಾರ ಎನ್‌ಟಿಎಸ್‌ಸಿಯ ನೂರಕ್ಕೆ ಸುಮಾರು 72 ಭಾಗಕ್ಕೆ ಸಮ. ಹಾಗಾಗಿ 45ನ್ನು 72ರಿಂದ ಭಾಗಿಸಿದರೆ, ಅಂಥ ಪರದೆ ತೋರಿಸಬೇಕಾದ ಬಣ್ಣಗಳಲ್ಲಿ ನೂರಕ್ಕೆ ಸುಮಾರು 62 ಭಾಗವನ್ನಷ್ಟೇ ತೋರಿಸಬಲ್ಲದು ಎಂದಾಯಿತು. ಕಳೆದುಹೋಗುವುದು ಮುಖ್ಯವಾಗಿ ಗಾಢ ಬಣ್ಣಗಳು, ಅದರಲ್ಲೂ ಕೆಂಪು. ನನ್ನ ಕುಂಕುಮ ಇಟ್ಟಿಗೆಯಾದದ್ದು ಸೆಟ್ಟಿಂಗ್ ತಪ್ಪಿದ್ದರಿಂದಲ್ಲ. ಆ ಕೆಂಪನ್ನು ಹೊಮ್ಮಿಸುವ ಶಕ್ತಿಯೇ ಪ್ಯಾನೆಲಿಗೆ ಇರಲಿಲ್ಲ. ಯಾವ ಕ್ಯಾಲಿಬ್ರೇಷನ್ ಮಾಡಿದರೂ ಇಲ್ಲದ ಬಣ್ಣ ಹುಟ್ಟಿಬರುವುದಿಲ್ಲ. ಆದ್ದರಿಂದ ಕೊಳ್ಳಲು ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಎರಡು ಮೂರು ಚಿತ್ರಗಳನ್ನು ಒಯ್ಯಿರಿ. ಅಂಗಡಿಯವರು ಓಡಿಸುವ ಪ್ರದರ್ಶನದ ವಿಡಿಯೊದಲ್ಲಿ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ.

ನಾನು ಒಯ್ಯುವ ಚಿತ್ರಗಳು ಮೂರು. ಕುಂಕುಮದ್ದನ್ನು ಹೇಳಿಯಾಯಿತು. ಎರಡನೆಯದು ಚಿತ್ರದುರ್ಗದ ಕೋಟೆಯೊಳಗಿನ ಬಂಡೆಗಳನ್ನು ಮುಸ್ಸಂಜೆಯಲ್ಲಿ ತೆಗೆದದ್ದು. ಬಂಡೆಗಳ ಸಂದಿನ ಕತ್ತಲಲ್ಲಿ ಮೆಟ್ಟಿಲುಗಳು ಬೇರೆ ಬೇರೆಯಾಗಿ ಕಾಣಬೇಕು, ಎಲ್ಲವೂ ಒಂದೇ ಮಸಿಯಾಗಬಾರದು, ಹಾಗೆಂದು ಬೂದಿ ಬಳಿದಂತೆಯೂ ಇರಬಾರದು. ಐಪಿಎಸ್ ಪ್ಯಾನೆಲಿನ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000ಕ್ಕೆ 1; ಅಂದರೆ ಬಿಳಿ 250 ನಿಟ್ಸ್ (ಪ್ರಕಾಶದ ಅಳತೆ) ಇದ್ದಾಗ ಕಪ್ಪು ಎನಿಸಿಕೊಂಡದ್ದು 0.25 ನಿಟ್ಸ್ ಬೆಳಕನ್ನು ಸೂಸುತ್ತಲೇ ಇರುತ್ತದೆ. ವಿಎ ಎಂಬ ಇನ್ನೊಂದು ಬಗೆಯ ಪ್ಯಾನೆಲಿನಲ್ಲಿ ಈ ಅನುಪಾತ 3000ದ ಆಸುಪಾಸಿನಲ್ಲಿರುವುದರಿಂದ ಕಪ್ಪು ಚೆನ್ನ, ಆದರೆ ಕತ್ತಲ ಬಣ್ಣಗಳ ನಡುವೆ ಪಿಕ್ಸೆಲ್ ಇನ್ನೂ ನಿಧಾನ. ಮೂರನೆಯದು ಕುಂದವಾಡ ಕೆರೆಯ ಮೇಲಿನ ಸೂರ್ಯಾಸ್ತ. ಆಕಾಶದ ಕಿತ್ತಳೆ ನೀಲಿಗೆ ನಯವಾಗಿ ಕರಗಬೇಕು. ಪಟ್ಟೆಪಟ್ಟೆಯಾಗಿ ಕಂಡರೆ ಅದು ಬಹುಶಃ 6 ಬಿಟ್ ಪ್ಯಾನೆಲ್. ಅದು ತಾನಾಗಿ ತೋರಿಸಬಲ್ಲದ್ದು 2,62,144 ಬಣ್ಣಗಳನ್ನಷ್ಟೇ, ಉಳಿದವನ್ನು ಅಕ್ಕಪಕ್ಕದ ಛಾಯೆಗಳನ್ನು ಬೇಗಬೇಗ ಮಿನುಗಿಸಿ ಹೊಂದಿಸಿಕೊಳ್ಳುತ್ತದೆ.

ಪೂರ್ತಿ ಕಪ್ಪು ಚಿತ್ರ ಹಾಕಿದಾಗ ಮೂಲೆಗಳಲ್ಲಿ ಬೆಳಕು ಕಂಡರೆ ತಲೆಯನ್ನು ಅತ್ತಿತ್ತ ಸರಿಸಿ. ಬೆಳಕೂ ಸರಿದರೆ ಅದು ಐಪಿಎಸ್‌ನ ಸಹಜ ಹೊಳಪು. ಕದಲದೆ ಅಲ್ಲೇ ನಿಂತರೆ ಚೌಕಟ್ಟಿನ ಅಂಚಿನಿಂದ ಬೆಳಕು ಸೋರುತ್ತಿದೆ ಎಂದರ್ಥ, ಅಂಥದ್ದನ್ನು ಬದಲಿಸಿಕೊಡಲು ಕೇಳಬಹುದು. ಪ್ರಕಾಶ 250 ನಿಟ್ಸ್ ಇದ್ದರೆ ಕೊಠಡಿಯೊಳಗೆ ಸಾಕು, ನಮ್ಮೂರಿನ ಬೇಸಿಗೆಯ ಮಧ್ಯಾಹ್ನ ಕಿಟಕಿಯ ಪಕ್ಕದಲ್ಲಿ ಸಾಲದು.

ಇನ್ನು ಗೆಳೆಯನ ಯಂತ್ರ ತಡವರಿಸಿದ್ದೇಕೆ ಎಂಬುದು. ಗ್ರಾಫಿಕ್ಸ್ ಕಾರ್ಡಿನ ಹೆಸರು ಒಂದೇ ಇದ್ದರೂ ಅದಕ್ಕೆ ಎಷ್ಟು ವಿದ್ಯುತ್ ಕೊಡಬೇಕೆಂದು ನಿರ್ಧರಿಸುವುದು ಲ್ಯಾಪ್‌ಟಾಪ್ ತಯಾರಕರು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3050ಕ್ಕೆ ಎನ್‌ವಿಡಿಯಾ ಕೊಟ್ಟಿರುವ ಮಿತಿ 35ರಿಂದ 80 ವ್ಯಾಟ್. ಆರ್‌ಟಿಎಕ್ಸ್ 4050ಕ್ಕೆ 35ರಿಂದ 115 ವ್ಯಾಟ್. ಅಂದರೆ ಹೊಟ್ಟೆಗಿಲ್ಲದ 4050 ಮತ್ತು ಹೊಟ್ಟೆತುಂಬ ಉಂಡ 4050 ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ ಸಿಸ್ಟಂ ಇನ್ಫರ್ಮೇಷನ್‌ನಲ್ಲಿ ಈ ಸಂಖ್ಯೆ ಸಿಗುತ್ತದೆ. ಕೇಳಿದರೆ ಅಂಗಡಿಯವರು ತೆರೆದು ತೋರಿಸುತ್ತಾರೆ. ನನ್ನದರಲ್ಲಿ 75 ಇತ್ತು, ಗೆಳೆಯನದರಲ್ಲಿ 45. ಸಾಲದೆಂಬಂತೆ ಅವನದರಲ್ಲಿ ರ‍್ಯಾಮ್ ಒಂದೇ ಪಟ್ಟಿಯಲ್ಲಿ (ಸ್ಟಿಕ್) ಇತ್ತು. ಡಿಡಿಆರ್4 3200 ರ‍್ಯಾಮ್ ಒಂದು ಪಟ್ಟಿಯಾದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ದತ್ತಾಂಶವನ್ನು ಸಾಗಿಸುತ್ತದೆ, ಎರಡು ಪಟ್ಟಿಯಾದರೆ 51.2 ಜಿಬಿ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಪುಟ ತೆರೆದರೆ ಎರಡರಲ್ಲಿ ಎಷ್ಟು ಸ್ಲಾಟ್ ತುಂಬಿದೆಯೆಂದು ಬರೆದಿರುತ್ತದೆ.

ಆಟದ ವೇಗವನ್ನು ಅಳೆಯುವಾಗ ಸರಾಸರಿಯನ್ನು ಮಾತ್ರ ನಂಬಬಾರದು. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. 1000 ಫ್ರೇಮುಗಳಲ್ಲಿ (ಫ್ರೇಮು ಅಂದರೆ ಕಾರ್ಡ್ ತಯಾರಿಸುವ ಒಂದೊಂದು ಚಿತ್ರ) 990 ಫ್ರೇಮುಗಳು ತಲಾ 14 ಮಿಲಿಸೆಕೆಂಡಿನಲ್ಲಿ ತಯಾರಾದವು, 10 ಫ್ರೇಮುಗಳು ತಲಾ 60 ಮಿಲಿಸೆಕೆಂಡು ತೆಗೆದುಕೊಂಡವು ಎಂದಿಟ್ಟುಕೊಳ್ಳಿ. ಒಟ್ಟು ಕಾಲ 14.46 ಸೆಕೆಂಡು, ಸರಾಸರಿ ಸೆಕೆಂಡಿಗೆ 69 ಫ್ರೇಮು. ಕೇಳಲು ಸೊಗಸಾಗಿದೆ. ಆದರೆ ಆ ಕಡೆಯ ಹತ್ತು ಫ್ರೇಮುಗಳ ವೇಗ ಸೆಕೆಂಡಿಗೆ 17ಕ್ಕೂ ಕಡಿಮೆ, ಮತ್ತು ಅವು ಬರುವುದು ಶತ್ರು ಎದುರಾದ ಗಳಿಗೆಯಲ್ಲೇ. ಕಣ್ಣಿಗೆ ಎಟುಕುವುದು ಆ ತಡವರಿಕೆ, ಸರಾಸರಿಯಲ್ಲ. ಹಾಗಾಗಿ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶದಲ್ಲಿ "1% ಲೋ" (ಅತಿ ನಿಧಾನವಾದ ನೂರಕ್ಕೆ ಒಂದು ಭಾಗ ಫ್ರೇಮುಗಳ ವೇಗ) ಎಂಬ ಸಂಖ್ಯೆಯನ್ನೂ ತೋರಿಸುವಂತೆ ಮಾಡಿಕೊಂಡು ಎರಡನ್ನೂ ಒಟ್ಟಿಗೆ ಓದಬೇಕು.

ಅಳೆಯುವ ಅವಧಿ ಅರ್ಧ ಗಂಟೆಗಿಂತ ಕಡಿಮೆ ಇರಬಾರದು. ಮೊದಲ ಐದು ನಿಮಿಷ ಎಲ್ಲ ಯಂತ್ರಗಳೂ ಉತ್ಸಾಹದಲ್ಲಿರುತ್ತವೆ. ಶಾಖ ತುಂಬಿಕೊಂಡ ಮೇಲೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇಲ್ಲಿ ನಮ್ಮ ಹವೆಯನ್ನು ಮರೆಯುವಂತಿಲ್ಲ. ವಿಮರ್ಶಕರು 24 ಡಿಗ್ರಿಯ ಎಸಿ ಕೊಠಡಿಯಲ್ಲಿ ಅಳೆದ ಅಂಕಿಗಳು ಏಪ್ರಿಲಿನಲ್ಲಿ 37 ಡಿಗ್ರಿ ಮುಟ್ಟುವ ದಾವಣಗೆರೆಯ ಹಾಸ್ಟೆಲ್ ಕೊಠಡಿಗೆ ಹೊಂದುವುದಿಲ್ಲ. ಫ್ಯಾನಿನ ವೇಗವೂ ವಿದ್ಯುತ್ ಬಳಕೆಯೂ ಅಷ್ಟೇ ಇದ್ದರೆ ಕೊಠಡಿ ಎಷ್ಟು ಡಿಗ್ರಿ ಹೆಚ್ಚು ಬಿಸಿಯೋ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ಅಲ್ಲಿ 85ರಲ್ಲಿ ನಿಂತದ್ದು ಇಲ್ಲಿ 98ಕ್ಕೆ ಹೋಗಿ ವೇಗ ಕುಸಿಯಬಹುದು. ಹಾಸಿಗೆಯ ಮೇಲಿಟ್ಟರಂತೂ ತಳದ ಗಾಳಿಕಿಂಡಿಗಳೇ ಮುಚ್ಚಿಹೋಗುತ್ತವೆ. ಕರೆಂಟ್ ಹೋದಾಗ ಆಡಬಹುದೆಂಬ ಆಸೆಯೂ ಬೇಡ. ಯಂತ್ರ 100 ವ್ಯಾಟ್ ಬಳಸಿದರೆ 50 ವ್ಯಾಟ್‌ಅವರ್ ಬ್ಯಾಟರಿ ಅರ್ಧ ಗಂಟೆಗೆ ಮುಗಿಯುತ್ತದೆ. ಹಾಗಾಗಬಾರದೆಂದೇ ಚಾರ್ಜರ್ ತೆಗೆದ ಕೂಡಲೇ ಗ್ರಾಫಿಕ್ಸ್‌ನ ವ್ಯಾಟ್ ಮಿತಿಯನ್ನು ಕಡಿತಗೊಳಿಸಿರುತ್ತಾರೆ.

ಎಲ್ಲವೂ ಚೆನ್ನಾಗಿರುವ ಯಂತ್ರ ಈ ಬೆಲೆಯಲ್ಲಿ ಸಿಗುವುದು ಕಷ್ಟ, ಆದ್ದರಿಂದ ಯಾವುದನ್ನು ಬಿಟ್ಟುಕೊಡಬೇಕೆಂಬ ಪ್ರಶ್ನೆ ಬಂದೇ ಬರುತ್ತದೆ. ಆಟವೇ ಮುಖ್ಯವಾದವರು ವ್ಯಾಟ್ ಹೆಚ್ಚಿರುವುದನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ರ‍್ಯಾಮ್ ಪಟ್ಟಿಯನ್ನು ಆಮೇಲೆ ಸೇರಿಸಬಹುದು, ಗೆಳೆಯ ಹಾಗೆಯೇ ಮಾಡಿ ತಡವರಿಕೆಯನ್ನು ಒಂದಷ್ಟು ಕಡಿಮೆ ಮಾಡಿಕೊಂಡ. ಆದರೆ ಬೋರ್ಡಿಗೆ ಬೆಸೆದ ಗ್ರಾಫಿಕ್ಸ್ ಚಿಪ್ಪನ್ನಾಗಲಿ ಅದನ್ನು ತಂಪಾಗಿಡುವ ವ್ಯವಸ್ಥೆಯನ್ನಾಗಲಿ ಬದಲಿಸಲಾಗದು. ನಾನು ನನ್ನ ಯಂತ್ರಕ್ಕೆ ಹಳೆಯದೊಂದು ಮಾನಿಟರನ್ನು ಎಚ್‌ಡಿಎಂಐ ಮೂಲಕ ಜೋಡಿಸಿದ್ದೇನೆ. ಕುಂಕುಮ ಕೆಂಪಾಯಿತು, ಜೊತೆಗೆ ಎಣಿಸದ ಲಾಭವೊಂದು ಸಿಕ್ಕಿತು. ಅನೇಕ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ತಯಾರಿಸಿದ ಚಿತ್ರ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮೂಲಕ ಸುತ್ತಿ ಪರದೆಗೆ ಬರುತ್ತದೆ. ನನ್ನದರಲ್ಲಿ ಎಚ್‌ಡಿಎಂಐ ಕಿಂಡಿ ನೇರವಾಗಿ ಕಾರ್ಡಿಗೇ ಜೋಡಣೆಯಾಗಿದ್ದರಿಂದ ಆ ಸುತ್ತು ತಪ್ಪಿ ಕೆಲವು ಫ್ರೇಮುಗಳು ಹೆಚ್ಚು ಬಂದವು. ನಿಮ್ಮದರಲ್ಲಿ ಹೇಗಿದೆಯೆಂದು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನ ಫಿಸ್‌ಎಕ್ಸ್ ಪುಟದಲ್ಲಿರುವ ಚಿತ್ರವೇ ತೋರಿಸುತ್ತದೆ.